ಮಳೆಗೆ ಮೊದಲು ಮಾಡು (ಛಾವಣಿ) ಏರಲಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕಡೆ ದೇವಸ್ಥಾನದ ಬ್ರಹ್ಮಕಲಶ ಅಂದ್ರೆ ಕರಸೇವೆಗೆ ಯಾರನ್ನೂ ಮನೆಗೆ ಹೋಗಿ ಕರೀಬೇಕಂತ ಇಲ್ಲ, ಅಕ್ಕಿ, ತೆಂಗಿನಕಾಯಿ ತರುವ ಹೊರೆಕಾಣಿಕೆಯಿಂದ ಚಪ್ಪರದವರೆಗೆ ಊರಿಗೆ ಊರೇ ಬಂದು ನಿಲ್ತದೆ. ಅದೇ ಜನ ಈ ಸಲ ಕಾರ್ಕಳ ತಾಲೂಕಿನ ನಮ್ಮ ಊರಲ್ಲಿ ಬೀಡಿ ಕಟ್ಟಿ ಇಬ್ಬರು ಹೆಣ್ಮಕ್ಕಳನ್ನು ಸಾಕ್ತಿರುವ ಒಬ್ಬರು ಅಕ್ಕನ ಮನೆಗೆ ನಿಂತಿದ್ದಾರೆ. ಕಳೆದ ಮಳೆಗಾಲದಲ್ಲಿ ಅವರ ಮಣ್ಣಿನ ಗೋಡೆ ಜರಿದು ಬಿದ್ದಿತ್ತು, ಟಾರ್ಪಾಲ್ ಕಟ್ಟಿ ದಿನ ದೂಡಿದ್ರು.

ಪ್ರತಿ ಆದಿತ್ಯವಾರ ಕೆಲಸ. ಲಾರಿ ಬರುವಷ್ಟು ದಾರಿ ಇಲ್ಲ, ಹಾಗಾಗಿ ಕೆಂಪುಕಲ್ಲನ್ನು ಗುಡ್ಡದ ಕೆಳಗಿಂದ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ್ದು, ಮೇಸ್ತ್ರಿ ಸಂಬಳ ಬೇಡ ಊಟ ಸಾಕು ಅಂದ್ರು. ಹಳೇ ಮನೆ ಕೆಡವಿದವರೊಬ್ಬರು ಹಂಚು ಕೊಟ್ರು. ನಮ್ಮ ಅಮ್ಮಂದಿರು ತೆಂಗಿನ ನಾರಲ್ಲಿ ಪಾಚಿ ಉಜ್ಜಿ, ಒಂದೊಂದನ್ನೂ ಬೆರಳ ಗಂಟಲ್ಲಿ ತಟ್ಟಿ ನೋಡಿದ್ರು, ಟಣ್ ಅಂದ್ರೆ ಒಳ್ಳೇದು, ಬೊದ್ದು ಸದ್ದು ಬಂದ್ರೆ ಬಿರುಕು ಉಂಟು ಅಂತ ಆಚೆ ಇಡೋದು. ಕೆಲವಕ್ಕೆ ಅಡಿಯಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯ ಮುದ್ರೆ ಇತ್ತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಕಾರ್ಖಾನೆಯವರದ್ದು, ಅವು ಈಗಲೂ ಗಟ್ಟಿ ಉಂಟು.

ಆದ್ರೆ ಸಿಮೆಂಟು, ಜಲ್ಲಿ, ಮಾಡಿನ ಮರದ ಪಕ್ಕಾಸು, ರೀಪಿಗೆ ದುಡ್ಡೇ ಬೇಕಲ್ವಾ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ವಸತಿ ಯೋಜನೆಯಲ್ಲಿ ಮನೆಗೆ ಸಿಗೋದು ನಮ್ಮಂಥ ಬಯಲು ಪ್ರದೇಶದ ಲೆಕ್ಕಕ್ಕೆ 1.20 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ, ಹಂತ ಮುಗಿದ ಫೋಟೋ ಅಪ್‌ಲೋಡ್ ಆದ ಮೇಲೆ. ಲಿಂಟಲ್ ಮುಗಿದು ಎಷ್ಟೋ ದಿನ ಆದ್ರೂ ಫೋಟೋ ತೆಗೀಲಿಕ್ಕೆ ಯಾರೂ ಬರ್ಲಿಲ್ಲ, ಕೇಳಿದ್ರೆ ಸರ್ವರ್ ಇಲ್ಲ, ಮುಂದಿನ ವಾರ, ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಕೆಲಸಕ್ಕೆ ಜನ ರೆಡಿ ಇದ್ದಾರೆ, ಹಂಚು ಅಂಗಳದಲ್ಲಿ ಉಂಟು, ಗೋಡೆ ಮಾತ್ರ ಮಾಡು ಇಲ್ಲದೆ ನಿಂತಿದೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ್ರೆ ನಮ್ಮಲ್ಲಿ ಯಾವಾಗ ಮಳೆ ಹಿಡೀತದೆ ಹೇಳ್ಲಿಕ್ಕಾಗೋದಿಲ್ಲ, ಹಸಿ ಗೋಡೆ ಮೇಲೆ ಜೂನ್ ಮಳೆ ಬಿದ್ರೆ ಇಷ್ಟು ಜನರ ಬೆವರು ತೊಳೆದು ಹೋಗ್ತದೆ.

ಜಿಲ್ಲಾಡಳಿತಕ್ಕೆ ನನ್ನ ಬೇಡಿಕೆ ಒಂದೇ. ಏಪ್ರಿಲ್ ಮಧ್ಯದ ಬಿಸು ಹಬ್ಬದಿಂದ ಪತ್ತನಾಜೆವರೆಗೆ ಕರಾವಳಿಯ ಪಂಚಾಯತ್‌ಗಳಲ್ಲಿ ಮನೆ ಫೋಟೋಗೆ ಅಂತಲೇ ವಾರದಲ್ಲಿ ಒಂದು ದಿನ ಫಿಕ್ಸ್ ಮಾಡಿ, ಅರ್ಧಕ್ಕೆ ನಿಂತ ಮನೆಗಳನ್ನು ಮೊದಲು ನೋಡಿ ಕಂತು ಬಿಡುಗಡೆ ಮಾಡಿಸಿ. ಯುವಕ ಮಂಡಲ, ಭಜನಾ ಮಂಡಳಿಯವರಲ್ಲೂ ಕೇಳ್ತೇನೆ, ನಿಮ್ಮ ಊರಲ್ಲಿ ಟಾರ್ಪಾಲ್ ಕೆಳಗೆ ಇರುವ ಮನೆ ಯಾವುದು ಅಂತ ಈಗಲೇ ನೋಡಿಡಿ, ಕಲ್ಲು ಹೊರ್ಲಿಕ್ಕೆ ನಾವೂ ಬರ್ತೇವೆ.

ಇಂತಿ,
ಒಬ್ಬ ಓದುಗ, ಕಾರ್ಕಳ ತಾಲೂಕು