ಹಳೆಯ ಹಾಡು, ಇಳಿದ ಶ್ರುತಿ

'ನೊಸ್ಟಾಲ್ಜಿಯಾ' ಎಂಬ ಪದವನ್ನು ನಾವು ಇಂದು ಹಳೆಯ ಹಾಡುಗಳ ವಿಷಯದಲ್ಲಿ ಧಾರಾಳವಾಗಿ ಬಳಸುತ್ತೇವೆ. ಆದರೆ ಅದು ಹುಟ್ಟಿದ್ದು ಒಂದು ಕಾಯಿಲೆಯ ಹೆಸರಾಗಿ. ಊರು ಬಿಟ್ಟು ದೂರ ಹೋದವರನ್ನು ಕಾಡುವ ಬೇನೆಗೆ, 'ಮನೆಗೆ ಮರಳುವುದು' ಮತ್ತು 'ನೋವು' ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ, ಯೋಹಾನಸ್ ಹೋಫರ್ ಎಂಬ ವೈದ್ಯಕೀಯ ವಿದ್ಯಾರ್ಥಿ 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಈ ಹೆಸರಿಟ್ಟ. ಪರದೇಶದ ಸೈನ್ಯಗಳಲ್ಲಿ ದುಡಿಯುತ್ತಿದ್ದ ಸ್ವಿಸ್ ಯುವಕರು ತಮ್ಮ ಬೆಟ್ಟಗಳ ದನಗಾಹಿಗಳ ರಾಗವನ್ನು ಕೇಳಿದೊಡನೆ ಅಳುತ್ತಿದ್ದರು, ದಂಡು ಬಿಟ್ಟು ಓಡುತ್ತಿದ್ದರು, ಆದ್ದರಿಂದ ಅದನ್ನು ನುಡಿಸುವುದನ್ನೇ ನಿಷೇಧಿಸಲಾಗಿತ್ತು ಎಂದು ತತ್ತ್ವಚಿಂತಕ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಅವನ ಮುಂದಿನ ಮಾತು ನನಗೆ ಇನ್ನೂ ಮುಖ್ಯವೆನಿಸುತ್ತದೆ: ಅದೇ ರಾಗ ಪರಕೀಯರಲ್ಲಿ ಅಂಥ ಪರಿಣಾಮವನ್ನೇನೂ ಉಂಟುಮಾಡದು, ಏಕೆಂದರೆ ಅಲ್ಲಿ ಕೆಲಸ ಮಾಡುವುದು ಸಂಗೀತವಲ್ಲ, ಅದು ಎಬ್ಬಿಸುವ ನೆನಪು. ಊರು ಬಿಟ್ಟು ಬಂದವರೇ ಓದುವ ಈ ಪತ್ರಿಕೆಯಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮುಪ್ಪಿನ ಅಂಚಿನಲ್ಲಿರುವ, ಎಷ್ಟೋ ವೇಳೆ ಆ ಅಂಚನ್ನೂ ದಾಟಿರುವ ಜನಪ್ರಿಯ ಸಂಗೀತಗಾರರ ಕಾರ್ಯಕ್ರಮಗಳಿಗೆ ಜನ ಇಂದಿಗೂ ಮುಗಿಬೀಳುವುದನ್ನು ಕಂಡಾಗ ರೂಸೋನ ಆ ಮಾತು ನೆನಪಾಗುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 2022ರ ಜೂನ್‌ನಲ್ಲಿ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದ ಮುಖ್ಯ ವೇದಿಕೆಯನ್ನೇರಿದಾಗ ಅವರಿಗೆ 80 ತುಂಬಿ ಒಂದು ವಾರವಾಗಿತ್ತು. 1962ರಲ್ಲಿ ಆರಂಭವಾದ ರೋಲಿಂಗ್ ಸ್ಟೋನ್ಸ್ ರಾಕ್ ತಂಡ 2023ರಲ್ಲಿಯೂ ಹೊಸ ಹಾಡುಗಳ ಆಲ್ಬಂ ಹೊರತಂದಿತು. ನಾವು ಜೀವನಪೂರ್ತಿ ಮೆಚ್ಚುವ ಸಂಗೀತ ಹೆಚ್ಚಾಗಿ ನಮ್ಮ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಜನಪ್ರಿಯವಾಗಿದ್ದುದೇ ಆಗಿರುತ್ತದೆ ಎಂದು ಹೋಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ ತೋರಿಸಿದರು. ಅವರ ಲೆಕ್ಕದಲ್ಲಿ ಆ ಒಲವಿನ ತುತ್ತತುದಿ ಸುಮಾರು 23 ವರ್ಷ 6 ತಿಂಗಳು. ಅಭಿರುಚಿಗೆ ಇಷ್ಟು ಕರಾರುವಾಕ್ಕಾದ ವಯಸ್ಸನ್ನು ಕೊಡಲು ನನಗೆ ಸ್ವಲ್ಪ ಸಂಕೋಚವಿದ್ದರೂ, ನನ್ನ ಸಂಗ್ರಹದ ಮಟ್ಟಿಗಂತೂ ಅವರ ಮಾತು ಸುಳ್ಳಲ್ಲ.

ಆದರೆ ಈ ವಿವರಣೆ ಒಂದು ಪ್ರಶ್ನೆಯನ್ನು ಹಾಗೆಯೇ ಬಿಡುತ್ತದೆ. ಬೇಕಾಗಿರುವುದು ನೆನಪೇ ಆಗಿದ್ದರೆ ಅದಕ್ಕೆ ಧ್ವನಿಮುದ್ರಿಕೆ ಸಾಕಲ್ಲವೇ? ದನಿ ಅಲ್ಲಿ ಇಂದಿಗೂ ಎಳೆಯದಾಗಿಯೇ ಇದೆ, ತಾರಸ್ಥಾಯಿಯಲ್ಲಿ ಎಲ್ಲಿಯೂ ನಡುಗುವುದಿಲ್ಲ. ಹಾಗಿದ್ದರೂ ಜನ ಹೊರಟುಹೋಗಿ ಗಂಟೆಗಟ್ಟಲೆ ಕಾದು, ದೂರದಲ್ಲಿ ಬೊಟ್ಟಿನಷ್ಟು ಕಾಣುವ ಒಬ್ಬ ವೃದ್ಧನನ್ನು ನೋಡುತ್ತಾರೆ. ಧ್ವನಿಮುದ್ರಿಕೆಗೆ ವಯಸ್ಸಾಗುವುದಿಲ್ಲ, ನಮಗೆ ಆಗುತ್ತದೆ, ಹಾಡಿದವರಿಗೂ ಆಗುತ್ತದೆ. ಆ ಹಾಡು ಹೊಸತಾಗಿದ್ದ ದಿನಗಳಿಂದ ಇಲ್ಲಿಯವರೆಗಿನ ದಾರಿಯನ್ನು ನಮ್ಮ ಜೊತೆಗೇ ಸವೆಸಿ ಬಂದವರು ಅವರು ಎಂಬುದೇ ಆ ಸೆಳೆತ ಎಂದು ನಾನು ತಿಳಿದಿದ್ದೇನೆ.

ಹೀಗಿರುವಾಗ, ಕಾರ್ಯಕ್ರಮ ಮುಗಿಸಿ ಹೊರಬರುತ್ತ 'ದನಿ ಮೊದಲಿನಂತಿಲ್ಲ' ಎಂದು ಗೊಣಗುವುದು ವಿಚಿತ್ರ. ಮೊದಲಿನಂತೆ ಇರುವುದಾದರೂ ಹೇಗೆ? ವಯಸ್ಸಾದಂತೆ ಧ್ವನಿತಂತುಗಳು ತಮ್ಮ ಸ್ಥಿತಿಸ್ಥಾಪಕತೆಯನ್ನು ಕಳೆದುಕೊಳ್ಳುತ್ತವೆ, ಉಸಿರಿನ ಬಲ ಕುಗ್ಗುತ್ತದೆ, ಸ್ತ್ರೀಯರ ದನಿಯಂತೂ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಅನುಭವಿಗಳು ಶ್ರುತಿಯನ್ನು ಇಳಿಸಿಕೊಂಡು, ದೀರ್ಘ ಸ್ವರಗಳನ್ನು ಮೊಟಕುಗೊಳಿಸಿ, ಸಾಹಿತ್ಯಕ್ಕೆ ಹೆಚ್ಚಿನ ಅವಕಾಶ ಕೊಟ್ಟು ಹಾಡುತ್ತಾರೆ. ಕೆನಡಾದ ಗಾಯಕಿ ಜೋನಿ ಮಿಚೆಲ್ 25ರ ಪ್ರಾಯದಲ್ಲಿ, 1969ರ ತಮ್ಮ ಆಲ್ಬಂನಲ್ಲಿ, ಬದುಕನ್ನು ಎರಡೂ ಬದಿಯಿಂದ ನೋಡಿದ್ದೇನೆಂಬ ಭಾವದ ಹಾಡೊಂದನ್ನು ಹಾಡಿದ್ದರು; ಅದನ್ನೇ ವಾದ್ಯವೃಂದದೊಡನೆ ಮತ್ತೆ ಮುದ್ರಿಸಿ 2000ದಲ್ಲಿ ಹೊರತಂದಾಗ ಅವರಿಗೆ 56, ದನಿ ಬಹಳಷ್ಟು ಕೆಳಗಿಳಿದು ಒರಟಾಗಿತ್ತು. ಮೊದಲನೆಯದರಲ್ಲಿ ಚೆಲುವಿದೆ, ಆದರೆ ಆ ಮಾತನ್ನು ನಾನು ನಂಬುವುದು ಎರಡನೆಯದರಲ್ಲಿ. ಹಾಗೆಂದು ಎಲ್ಲರೂ ಕೊನೆಯವರೆಗೆ ಹಾಡುತ್ತಲೇ ಇರಬೇಕೆಂದಲ್ಲ. 1957ರಿಂದ ಹಾಡುತ್ತ ಬಂದಿದ್ದ ಎಸ್. ಜಾನಕಿಯವರು 2017ರಲ್ಲಿ, ತಾವಾಗಿಯೇ ತೀರ್ಮಾನಿಸಿ, ವೇದಿಕೆಗೆ ವಿದಾಯ ಹೇಳಿದ ಘನತೆಯೂ ಅಪರೂಪದ್ದೇ.

ಗೊಣಗುವವರ ಬೇಡಿಕೆಯನ್ನು ಅಕ್ಷರಶಃ ಪೂರೈಸಿದವರೂ ಇದ್ದಾರೆ. ಸ್ವೀಡನ್ನಿನ ಪಾಪ್ ಸಂಗೀತದ ಆಬಾ ತಂಡದ ನಾಲ್ವರು ಎಪ್ಪತ್ತರ ಸುಮಾರಿನ ವಯಸ್ಸಿನಲ್ಲಿ, ಚಲನೆಯನ್ನು ದಾಖಲಿಸುವ ಉಡುಪು ಧರಿಸಿ 160 ಕ್ಯಾಮೆರಾಗಳೆದುರು ಹಾಡಿ ಕುಣಿದರು. 2022ರ ಮೇ ತಿಂಗಳಿನಿಂದ ಲಂಡನ್ನಿನಲ್ಲಿ, ಅದಕ್ಕೆಂದೇ ಕಟ್ಟಿದ ರಂಗಮಂದಿರದಲ್ಲಿ, ಅವರ ತಾರುಣ್ಯದ ಡಿಜಿಟಲ್ ಪ್ರತಿರೂಪಗಳು ಜೀವಂತ ವಾದ್ಯಗಾರರೊಡನೆ ಪ್ರದರ್ಶನ ನೀಡತೊಡಗಿದವು. ತಂತ್ರಜ್ಞಾನದ ದೃಷ್ಟಿಯಿಂದ ಇದು ಬೆರಗು ಹುಟ್ಟಿಸುವ ಸಾಧನೆ, ಜನ ಸಂತೋಷಪಟ್ಟಿದ್ದೂ ನಿಜ. ಆದರೆ ಅಲ್ಲಿ ವಯಸ್ಸಾಗಿರುವುದು ಪ್ರೇಕ್ಷಕರಿಗೆ ಮಾತ್ರ.

ಇದಕ್ಕೆ ತದ್ವಿರುದ್ಧವಾದುದು ಅದರ ಹಿಂದಿನ ವರ್ಷ ನ್ಯೂಯಾರ್ಕಿನ ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ನಡೆಯಿತು. ಅಮೆರಿಕದ ಗಾಯಕ ಟೋನಿ ಬೆನೆಟ್ ತಮ್ಮ 95ನೇ ಹುಟ್ಟುಹಬ್ಬದಂದು, 2021ರ ಆಗಸ್ಟ್ 3ರಂದು, ಗಾಯಕಿ ಲೇಡಿ ಗಾಗಾ ಅವರ ಜೊತೆಯಲ್ಲಿ ಅಲ್ಲಿ ಹಾಡಿದರು. ಅವರಿಗೆ ಆಲ್ಝೈಮರ್ ಕಾಯಿಲೆ ಇರುವುದು ಆಗಲೇ ಬಹಿರಂಗವಾಗಿತ್ತು. ದಿನದ ಸಂಗತಿಗಳು ಮರೆತುಹೋಗುತ್ತಿದ್ದ ಆ ಹಿರಿಯರಿಗೆ, ವಾದ್ಯಗಳು ಆರಂಭವಾದೊಡನೆ, ದಶಕಗಳ ಹಿಂದಿನ ಹಾಡುಗಳ ಸಾಲುಗಳು ಒಂದರ ಹಿಂದೊಂದಾಗಿ ಬಂದವು. ರೂಸೋ ಹೇಳಿದ ನೆನಪು ಕೇಳುಗರದು; ಅಂದು ಆ ವೇದಿಕೆಯ ಮೇಲೆ ಹಾಡು ನೆನಪಿಸಿಕೊಡುತ್ತಿದ್ದುದು ಹಾಡುಗಾರನಿಗೇ.