ವಿಶೇಷ ಶಾಲೆ: ಬೋರ್ಡ್ ನೋಡಿ ಸೇರಿಸಬೇಡಿ

ಮಾನ್ಯರೇ,

ನನ್ನ ಏಳು ವರ್ಷದ ಮಗನಿಗೆ ಆಟಿಸಂ ಇದೆ. ಅವನಿಗಾಗಿ ಕಲಬುರಗಿಯಲ್ಲಿ ಖಾಸಗಿ ವಿಶೇಷ ಶಾಲೆ ಹುಡುಕುತ್ತಾ ಎರಡು ತಿಂಗಳು ಓಡಾಡಿದೆ. ಒಂದು ಕಡೆ ಆಫೀಸಿನಲ್ಲಿ ಎ.ಸಿ., ಗೋಡೆ ತುಂಬ ಬಣ್ಣದ ಚಿತ್ರ. ‘ತರಗತಿ ನೋಡಬಹುದಾ’ ಎಂದರೆ ‘ಮಕ್ಕಳಿಗೆ ತ್ರಾಸ ಆಗ್ತದ್ರಿ’ ಎಂದು ಫೀಸಿನ ಚೀಟಿ ಮುಂದಿಟ್ಟರು. ಕಲಿಸುವವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಮುಖ ಮುಖ ನೋಡಿಕೊಂಡರು. ವಿಶೇಷ ಶಿಕ್ಷಕರು ಈ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಅದನ್ನು ಕೇಳಿದರೆ ತಪ್ಪೇನಿಲ್ಲ, ಅಲ್ವಾ?

ಇನ್ನೊಂದು ಶಾಲೆಯ ಕಟ್ಟಡ ಹಳೆಯದು. ಫ್ಯಾನ್ ಕಿರ್ರೆನ್ನುತ್ತಿತ್ತು. ಟೀಚರ್ ನನ್ನ ಜೊತೆ ಮಾತಾಡುವ ಮೊದಲೇ ಮಗನ ಪಕ್ಕ ನೆಲದ ಮೇಲೆ ಕೂತರು. ಅವನು ಬಾಟಲಿ ಮುಚ್ಚಳ ತಿರುಗಿಸುತ್ತಿದ್ದ. ಅವರೂ ಒಂದು ಮುಚ್ಚಳ ತಿರುಗಿಸಿದರು. ಹತ್ತು ನಿಮಿಷಕ್ಕೆ ಅವನೇ ತನ್ನದನ್ನು ಅವರ ಕಡೆ ತಳ್ಳಿದ. ಯಾವ ಸದ್ದಿಗೆ ಹೆದರುತ್ತಾನೆ, ಏನು ತಿನ್ನುತ್ತಾನೆ ಎಂದು ಕೇಳಿ ಬರೆದುಕೊಂಡರು. ಅಲ್ಲೇ ಸೇರಿಸಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಆದರೂ ನಾವು ಫೀಸು ಕಟ್ಟುತ್ತಿದ್ದೇವೆ. ಆಳಂದ, ಸೇಡಂ, ಜೇವರ್ಗಿ ಕಡೆಯವರ ಪಾಡು ಕೇಳಲೇಬೇಡಿ, ಬಸ್ಸಿಗೇ ಅರ್ಧ ದಿನ. ನೋಂದಾಯಿತ ವಿಶೇಷ ಶಾಲೆಗಳ ಪಟ್ಟಿಯನ್ನು, ಶಿಕ್ಷಕರ ಅರ್ಹತೆ ಮತ್ತು ಫೀಸಿನ ಸಮೇತ, ವಿಕಲಚೇತನರ ಇಲಾಖೆಯವರು ಪ್ರತಿ ಮೇ ತಿಂಗಳು ತಾಲ್ಲೂಕು ಕಚೇರಿಗಳಲ್ಲಿ ಅಂಟಿಸಲಿ.

– ಒಬ್ಬ ತಾಯಿ, ಕಲಬುರಗಿ