ಇಲಿ ಪಾಷಾಣದ ಪರೀಕ್ಷೆ ನಮ್ಮ ಕರಾವಳಿಯಲ್ಲೂ ನಡೆಯಲಿ

ಸಂಪಾದಕರೇ,

ಮಳೆಗಾಲ ಬಂತೆಂದರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಇಲಿ ಕಾಟ ಜಾಸ್ತಿ. ಗದ್ದೆಯ ಬಿಲಕ್ಕೆ ನೀರು ನುಗ್ಗಿದರೆ ಹೆಗ್ಗಣ ಮನೆಕಡೆಗೇ ಬರುತ್ತದೆ. ತೆಂಗಿನ ಬುಡದಲ್ಲಿ ಬಿದ್ದ ಎಳೆಕಾಯಿ ಎತ್ತಿ ನೋಡಿ, ತೊಟ್ಟಿನ ಪಕ್ಕದಲ್ಲೇ ದುಂಡಗೆ ಕೊರೆದ ತೂತು ಇರುತ್ತದೆ. ಇಲಿಜ್ವರದ ಭಯ ಬೇರೆ.

ಅದಕ್ಕೇ ಎಲ್ಲರೂ ಪಾಷಾಣ ತರುತ್ತೇವೆ. ರಾತ್ರಿ ಇಟ್ಟು, ಬೆಳಿಗ್ಗೆ ಸತ್ತ ಇಲಿ ಕಾಣದಿದ್ದರೆ ಮಾಲೇ ಸರಿಯಿಲ್ಲ ಅಂತ ಬೈಯುವವರೇ ಹೆಚ್ಚು. ಆದರೆ ಬ್ರೋಮಡಿಯೋಲೋನ್ ಎಂಬ ಪಾಷಾಣದ ಬಿಲ್ಲೆ ಇರುವುದೇ ನಿಧಾನಕ್ಕೆ ಕೊಲ್ಲಲು. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸವನ್ನು ಅದು ತಡೆಯುತ್ತದೆ. ಮೈಯಲ್ಲಿ ಮೊದಲೇ ಇದ್ದ ಹೆಪ್ಪುಗಟ್ಟಿಸುವ ಅಂಶ ಖರ್ಚಾಗುವ ತನಕ ಇಲಿ ಓಡಾಡಿಕೊಂಡೇ ಇರುತ್ತದೆ, ಆಮೇಲೆ ಒಳಗೇ ರಕ್ತ ಸೋರಿ ಸಾಯುತ್ತದೆ. ಇದಕ್ಕೆ ಮೂರು ದಿನದಿಂದ ಹತ್ತು ದಿನ ಬೇಕು. ತಡವಾಗುವುದೇ ಒಳ್ಳೆಯದು, ಏಕೆಂದರೆ ಯಾವ ತಿಂಡಿಯಿಂದ ಹೀಗಾಯಿತು ಅಂತ ಇಲಿಗೆ ಗೊತ್ತಾಗುವುದಿಲ್ಲ. ಜಿಂಕ್ ಫಾಸ್ಫೈಡ್ ಎಂಬ ಇನ್ನೊಂದು ಪಾಷಾಣ ಹಾಗಲ್ಲ, ಸ್ವಲ್ಪ ತಿಂದು ಬದುಕಿದ ಇಲಿ ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ.

ನನ್ನ ದೂರು ಇರುವುದು ಪರೀಕ್ಷೆಯ ಬಗ್ಗೆ. ಪಾಷಾಣ ಪರೀಕ್ಷಿಸುವ ಕ್ರಮ ಸರಳ. ಪಂಜರದಲ್ಲಿ ಎರಡು ತಟ್ಟೆ, ಒಂದರಲ್ಲಿ ವಿಷದ ತಿಂಡಿ, ಇನ್ನೊಂದರಲ್ಲಿ ಬರೀ ಕಾಳು. ದಿನಾ ಎರಡನ್ನೂ ತೂಗಬೇಕು, ತಟ್ಟೆಯ ಜಾಗ ಅದಲು ಬದಲು ಮಾಡಬೇಕು, ಇಲ್ಲದಿದ್ದರೆ ಇಲಿ ರುಚಿಗೆ ತಿಂದಿತೋ ಜಾಗದ ರೂಢಿಗೆ ತಿಂದಿತೋ ತಿಳಿಯುವುದಿಲ್ಲ. ಸರಿ. ಆದರೆ ನಮ್ಮ ಮನೆಗಳಲ್ಲಿ ಇಲಿಯ ಎದುರು ಇರುವುದು ಒಣಮೀನು, ಕೊಬ್ಬರಿ, ಅಕ್ಕಿ ಮುಡಿ. ಅಟ್ಟದಲ್ಲಿ ಒಣ ಬಂಗಡೆ ಇರುವಾಗ ಅದು ಬಿಲ್ಲೆ ಕಚ್ಚುತ್ತದಾ? ಆಷಾಢದ ತಂಡಿಯಲ್ಲಿ ಹಿಟ್ಟಿನ ತಿಂಡಿಗೆ ಬೂಷ್ಟು ಹಿಡಿದ ಮೇಲೆ ಮುಟ್ಟುತ್ತದಾ, ಮೇಣದ ಬಿಲ್ಲೆಯೇ ವಾಸಿಯಾ? ಇದನ್ನು ಇಲ್ಲಿಯೇ ನೋಡಬೇಕು ಅಲ್ವಾ?

ಹೊಲದ ಪರೀಕ್ಷೆಯೂ ಹಾಗೇ. ಸಂಜೆ ಬಿಲಗಳಿಗೆ ಮಣ್ಣು ಮುಚ್ಚಿ, ಬೆಳಿಗ್ಗೆ ಎಷ್ಟು ತೆರೆದಿವೆ ಅಂತ ಎಣಿಸುತ್ತಾರೆ, ಪಾಷಾಣ ಇಟ್ಟ ಮೇಲೆ ಮತ್ತೆ ಎಣಿಸುತ್ತಾರೆ. ಗದ್ದೆಗೆ ಇದು ಸಾಕು. ತೆಂಗಿನ ತಲೆಯಲ್ಲೇ ಗೂಡು ಕಟ್ಟುವ ಇಲಿಗೆ ಬಿಲ ಎಲ್ಲಿದೆ? ಅಲ್ಲಿ ಕೊರೆದು ಬಿದ್ದ ಕಾಯಿಗಳನ್ನೇ ಎಣಿಸಬೇಕು, ಪಕ್ಕದಲ್ಲಿ ಪಾಷಾಣ ಇಡದ ತೋಟವನ್ನೂ ಹೋಲಿಸಿ ನೋಡಬೇಕು. ಒಮ್ಮೆ ಮಾಡಿ ಬಿಟ್ಟರೂ ಆಗದು. ಬ್ರೋಮಡಿಯೋಲೋನ್ ಜಾತಿಯದೇ ಇಲಿ ಪಾಷಾಣ ವಾರ್ಫರಿನ್ 1948ರಲ್ಲಿ ಬಂತು, 1958ಕ್ಕೆಲ್ಲ ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಜಗ್ಗದ ಇಲಿಗಳು ಸಿಕ್ಕಿದವು.

ಇನ್ನೊಂದು ಮಾತು. ವಿಷ ತಿಂದು ಮಂಕಾದ ಇಲಿಯನ್ನು ಗೂಬೆ, ಬೆಕ್ಕು, ಕೇರೆಹಾವು ತಿನ್ನುತ್ತವೆ, ವಿಷ ಅವಕ್ಕೂ ಹೋಗುತ್ತದೆ. ನಮ್ಮ ಪರವಾಗಿ ಇಲಿ ಹಿಡಿಯುವವೇ ಅವು. ಸತ್ತ ಇಲಿಯನ್ನು ಗಟಾರಕ್ಕೆ ಎಸೆಯದೆ ಆಳವಾಗಿ ಹೂಳಿ. ಮಕ್ಕಳು ಬಿಲ್ಲೆ ಬಾಯಿಗೆ ಹಾಕಿದರೆ ರಕ್ತ ಬರುವ ತನಕ ಕಾಯಬೇಡಿ, ಪೊಟ್ಟಣ ಸಮೇತ ತಕ್ಷಣ ಆಸ್ಪತ್ರೆಗೆ ಓಡಿ. ಬ್ರೋಮಡಿಯೋಲೋನ್ ಬಗೆಯ ವಿಷಕ್ಕೆ ವಿಟಮಿನ್ ಕೆ1 ಮದ್ದು, ಬೇರೆ ಪಾಷಾಣಗಳಿಗೆ ಅದು ನಾಟುವುದಿಲ್ಲ. ಅದಕ್ಕೇ ಪೊಟ್ಟಣ ಬೇಕು.

ಶಿರಸಿಯ ಕೃಷಿ ವಿಜ್ಞಾನ ಕೇಂದ್ರದವರು ಘಟ್ಟದ ಕೆಳಗೂ ಒಂದು ಮಳೆಗಾಲ ಇಂಥ ಪರೀಕ್ಷೆ ನಡೆಸಲಿ. ತೋಟ ಕೊಡಲು, ಬೆಳಿಗ್ಗೆ ಎದ್ದು ಕಾಯಿ ಎಣಿಸಲು ನಮ್ಮಲ್ಲಿ ಜನ ಇದ್ದಾರೆ. ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯತ್ ಗೋಡೆಗೆ ಹಚ್ಚಿದರೆ ಸಾಕು.

– ಒಬ್ಬ ತೆಂಗು ಬೆಳೆಗಾರ, ಅಂಕೋಲಾ